ಎರಡು ವ್ಯಾಟಿನ ಆಸೆ

ಐವತ್ತು ದಾಟಿದ ಗಂಡಸು ರಾತ್ರಿ ಹನ್ನೊಂದಕ್ಕೆ ಸೋಫಾದ ಮೂಲೆಯಲ್ಲಿ ಕೂತು, ಫೋನನ್ನು ಎದೆಗೆ ಹತ್ತಿರ ಹಿಡಿದುಕೊಂಡು ತನ್ನಷ್ಟಕ್ಕೆ ತಾನು ಮುಗುಳ್ನಗುತ್ತಿದ್ದರೆ ಹೆಂಡತಿಗೆ ಹತ್ತಾರು ಅನುಮಾನ ಬರಬಹುದು. ಆ ಹತ್ತಾರರಲ್ಲಿ ಲೇಸರ್ ಇರುವುದಿಲ್ಲ. ಹಾಗಾಗಿ ನನ್ನವಳು ಸದ್ದಿಲ್ಲದೆ ಹಿಂದಿನಿಂದ ಬಂದು ಇಣುಕಿದಾಗ ಮೊದಲು ಅವಳ ಮುಖದಲ್ಲಿ ಸಮಾಧಾನ ಕಂಡಿತು. ಬೆಲೆಯ ಮೇಲೆ ಕಣ್ಣು ಬಿದ್ದ ಮೇಲೆ, ಆ ಇನ್ನೊಂದೇ ಆಗಿದ್ದರೂ ಪರವಾಗಿರಲಿಲ್ಲ ಎಂಬಂಥ ಗಾಬರಿ ಕಂಡಿತು.

"ಮೂವತ್ತೆಂಟು ಸಾವಿರದ ಟಾರ್ಚಾ?"

"ಟಾರ್ಚಲ್ಲ ಕಣೇ, ಲೇಸರ್."

"ಏನು ಮಾಡುತ್ತೆ?"

"ಬೆಳಕು ಬಿಡುತ್ತೆ."

"ಟಾರ್ಚು ಮತ್ತೇನು ನೀರು ಬಿಡುತ್ತಾ?"

ನಮ್ಮ ಮನೆಯ ವ್ಯವಸ್ಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ. ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವವನು. ಅಂದರೆ ವಿಜ್ಞಾನದ ಹುಚ್ಚು ನನಗೆ, ವಿಜ್ಞಾನ ಅವಳಿಗೆ. 'ಸಾಲದ ಉದ್ದೇಶ' ಎಂಬ ಕಾಲಮ್ಮನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ ಓದಿಯೇ ನನ್ನ ಕೂದಲು ನೆರೆತದ್ದು. ಹೈನುಗಾರಿಕೆ ಎಂದು ಬರೆದು ಮಗಳ ಮದುವೆ ಮಾಡುವವರನ್ನು ಅರ್ಜಿಯ ಮಡಿಕೆ ನೋಡಿಯೇ ಹಿಡಿಯಬಲ್ಲೆ. ಅಂಥ ನನಗೆ, ಗೇಣುದ್ದದ ಕಪ್ಪು ಅಲ್ಯೂಮಿನಿಯಂ ಕೊಳವೆಯೊಂದನ್ನು ಯಾಕೆ ಕೊಳ್ಳಬೇಕು ಎಂದು ಕೇಳಿದರೆ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಬೆಳಕಿನ ಹುಚ್ಚು ಹಳೆಯದು. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಒಣ ಎಲೆಯಿಂದ ಹೊಗೆ ಎಬ್ಬಿಸುವುದು ಎಲ್ಲ ಹುಡುಗರೂ ಮಾಡಿದ್ದೇ. ನಮ್ಮ ಗುಂಪು ಒಂದು ಹೆಜ್ಜೆ ಮುಂದೆ ಹೋಗಿತ್ತು. ಸುಟ್ಟುಹೋದ ಬಲ್ಬಿನ ಹಿತ್ತಾಳೆ ತಲೆ ಬಿಚ್ಚಿ, ಒಳಗಿನ ತಂತಿ ಕೆರೆದು ತೆಗೆದು, ನೀರು ತುಂಬಿ, ಟೆಂಟ್ ಸಿನಿಮಾದ ಹಿಂದೆ ಆಯ್ದುಕೊಂಡ ಫಿಲ್ಮಿನ ತುಂಡನ್ನು ಅದರ ಮುಂದೆ ಹಿಡಿಯುತ್ತಿದ್ದೆವು. ಅಂಗಳದಲ್ಲಿ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕಿಟಕಿಯೊಳಕ್ಕೆ ತಿರುಗಿಸಿದರೆ, ಕತ್ತಲ ಕೋಣೆಯ ಗೋಡೆಯ ಮೇಲೆ ರಾಜ್‌ಕುಮಾರ್ ಕುದುರೆ ಸಮೇತ ತಲೆಕೆಳಗಾಗಿ ಪ್ರತ್ಯಕ್ಷವಾಗುತ್ತಿದ್ದರು. ಕನ್ನಡಿ ಹಿಡಿದವನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಆ ಕೆಲಸ ಸರದಿಯ ಮೇಲೆ ನಡೆಯಬೇಕಿತ್ತು, ಯಾಕೋ ಸದಾ ನನ್ನ ಪಾಲಿಗೇ ಬರುತ್ತಿತ್ತು. ನನ್ನ ಈ ಆಸೆಗೆ ಮೂಲ ಕಾರಣ ಅದೇ ಇರಬೇಕೆಂದು ಹೆಂಡತಿಗೆ ಹೇಳಿ ನೋಡಿದೆ. ಕನಿಕರ ಹುಟ್ಟಲಿಲ್ಲ.

ಆಮೇಲೆ ತೊಂಬತ್ತರ ದಶಕದ ಕೊನೆಗೆ ಮೆಜೆಸ್ಟಿಕ್ಕಿನ ಫುಟ್‌ಪಾತುಗಳಿಗೆ ಕೀಚೈನಿನ ಕೆಂಪು ಲೇಸರ್ ಬಂತು. ಗಾಂಧಿನಗರದ ಥಿಯೇಟರುಗಳಲ್ಲಿ ತಾಯಿ ಪಾತ್ರ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಅವಳ ಮೂಗಿನ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಕುಣಿಯುತ್ತಿತ್ತು. "ಯಾವನಲೇ ಅವ್ನು?" ಎಂದು ಬಾಲ್ಕನಿಗೆ ಬಾಲ್ಕನಿಯೇ ಕೂಗುತ್ತಿತ್ತು. ನಾನೂ ಕೂಗುತ್ತಿದ್ದೆ, ಜೇಬಿನಲ್ಲಿದ್ದ ನನ್ನದನ್ನು ಬಿಗಿಯಾಗಿ ಹಿಡಿದುಕೊಂಡು.

ಆ ಕೀಚೈನಿನ ತಾಕತ್ತು ಹೆಚ್ಚೆಂದರೆ ಕೆಲವು ಮಿಲಿವ್ಯಾಟ್. ಈಗ ಕಣ್ಣು ಬಿದ್ದಿರುವುದು 2 ವ್ಯಾಟಿನದಕ್ಕೆ, ಎಂದರೆ 2,000 ಮಿಲಿವ್ಯಾಟ್, 450 ನ್ಯಾನೊಮೀಟರಿನ ಕಡುನೀಲಿ. ಲೇಸರುಗಳಲ್ಲೂ ವರ್ಗಗಳಿವೆ. 1 ಮಿಲಿವ್ಯಾಟಿನೊಳಗಿನದು ಎರಡನೇ ವರ್ಗ; ಅಕಸ್ಮಾತ್ ಕಣ್ಣಿಗೆ ಬಿದ್ದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚಿಕೊಂಡು ಕಾಪಾಡುತ್ತದೆ. 500 ಮಿಲಿವ್ಯಾಟ್ ದಾಟಿದರೆ ನಾಲ್ಕನೇ ವರ್ಗ. ಅಲ್ಲಿ ರೆಪ್ಪೆ ಮುಚ್ಚುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ನಾಲ್ಕರ ಮೇಲೆ ಐದು ಎಂಬುದಿಲ್ಲ.

ಉದ್ದೇಶವಿಲ್ಲದ ಅರ್ಜಿಗೆ ಉದ್ದೇಶ ಹುಟ್ಟಿಸುವ ಕೆಲಸ ಶುರುವಾಯಿತು. ಮೊದಲಿಗೆ ಖಗೋಳಶಾಸ್ತ್ರ. ನಕ್ಷತ್ರ ವೀಕ್ಷಣೆಯ ಶಿಬಿರಗಳಲ್ಲಿ ಬಲ್ಲವರು ಹಸಿರು ಲೇಸರ್ ಹಿಡಿದು, ಇದು ಮೃಗಶಿರ, ಅದು ರೋಹಿಣಿ ಎಂದು ಆಕಾಶಕ್ಕೇ ಗೆರೆ ಎಳೆದು ತೋರಿಸುತ್ತಾರೆ. ನಾನೂ ತೋರಿಸುತ್ತೇನೆ ಎಂದೆ.

"ಅವರದು ಹಸಿರು, ಐದು ಮಿಲಿವ್ಯಾಟ್. ನಿಮ್ಮದು ನೀಲಿ. ನಮ್ಮ ಕಣ್ಣು ಚುರುಕಾಗಿರೋದು 555 ನ್ಯಾನೊಮೀಟರ್ ಸುತ್ತ, ಹಸಿರಿಗೆ. ಅಷ್ಟೇ ಶಕ್ತಿಯ ನಿಮ್ಮ ನೀಲಿಗಿಂತ ಆ ಹಸಿರು ಇಪ್ಪತ್ತು ಪಟ್ಟು ಹೆಚ್ಚು ಕಾಣುತ್ತೆ. ಅಲ್ಲದೆ ನಮ್ಮ ಹನುಮಂತನಗರದಲ್ಲಿ ಕಾಣೋ ನಕ್ಷತ್ರ ಬೆರಳೆಣಿಕೆ. ಅದಕ್ಕೆ ಬೆರಳೇ ಸಾಕು."

ಚಂದ್ರನಿಗೆ ಹೋದೆ. 1969ರಲ್ಲಿ ಅಪೊಲೊ 11ರವರು ಅಲ್ಲೊಂದು ಪ್ರತಿಫಲಕ ಇಟ್ಟು ಬಂದರು. ಭೂಮಿಯಿಂದ ಲೇಸರ್ ಬಿಟ್ಟರೆ ಅದು ಬಡಿದು ಹಿಂದಿರುಗುತ್ತದೆ, ಆ ಸಮಯ ಅಳೆದು ಚಂದ್ರನ ದೂರ ಲೆಕ್ಕ ಹಾಕುತ್ತಾರೆ. ನಮ್ಮ ಚಂದ್ರಯಾನ-3ರ ವಿಕ್ರಮನ ಮೇಲೂ ಅಂಥ ಪುಟ್ಟ ಪ್ರತಿಫಲಕವಿದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆಯೊಂದು ಅದಕ್ಕೆ ಲೇಸರ್ ಬಿಟ್ಟು, ಮರಳಿ ಬಂದ ಬೆಳಕನ್ನು ಹಿಡಿದಿತ್ತು. ಇಸ್ರೊ ಇರುವ ಊರಿನಲ್ಲೇ ನಾವಿದ್ದೇವೆ ಎಂಬುದನ್ನೂ ಸೂಕ್ಷ್ಮವಾಗಿ ಸೇರಿಸಿದೆ.

"ಯೋಚನೆ ಮಾಡು. ಇಲ್ಲಿಂದ ಚಂದ್ರನವರೆಗೆ ಹೋಗಿ ವಾಪಸ್ ಬರೋಕೆ ಎರಡೂವರೆ ಸೆಕೆಂಡು!"

"ನೀವು ಸೊಪ್ಪು ತರೋಕೆ ಹೋದರೆ ಎರಡೂವರೆ ಗಂಟೆ."

ಅಷ್ಟಕ್ಕೇ ಬಿಡಲಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಇಂಥ ಕೈಲೇಸರಿನ ಕಿರಣ ಕಿಲೋಮೀಟರಿಗೆ ಒಂದು ಮೀಟರ್ ಹರಡುತ್ತದೆ ಎಂದಿಟ್ಟುಕೊಂಡರೂ ಚಂದ್ರನನ್ನು ಮುಟ್ಟುವ ಹೊತ್ತಿಗೆ ಅದರ ಅಗಲ 384 ಕಿಲೋಮೀಟರ್. "ಬೆಂಗಳೂರಿಂದ ಹುಬ್ಬಳ್ಳಿವರೆಗೆ ಹರಡಿದ ನಿಮ್ಮ ಎರಡು ವ್ಯಾಟು, ಅಂಗೈಗಿಂತ ಚಿಕ್ಕದಾದ ವಿಕ್ರಮನ ಕನ್ನಡಿಗೆ ಎಷ್ಟು ಬೀಳುತ್ತೆ ಅಂತ ನೀವೇ ಭಾಗಿಸಿ," ಎಂದು ಪೆನ್ಸಿಲ್ ನನ್ನ ಕೈಗಿಟ್ಟಳು. ಬ್ಯಾಂಕಿನವನಾದರೂ ನಾನು ಅಷ್ಟು ಸೊನ್ನೆಗಳನ್ನು ದಶಮಾಂಶದ ಬಲಗಡೆಗೆ ಬರೆದವನಲ್ಲ.

ಕಡೆಯ ಅಸ್ತ್ರವಾಗಿ ಸರ್ ಸಿ.ವಿ. ರಾಮನ್ನರನ್ನು ಎಳೆದು ತಂದೆ. ಬೆಳಕಿನ ಹಿಂದೆ ಬಿದ್ದ ಆ ಮಹಾನುಭಾವರು ಬಾಳಿದ ಊರಿನಲ್ಲಿ ಒಬ್ಬ ಹವ್ಯಾಸಿ ಒಂದು ಲೇಸರ್ ಕೊಳ್ಳುವುದು ತಪ್ಪೇ? ಅವಳು ಶಾಂತವಾಗಿ, ರಾಮನ್ ಪರಿಣಾಮ 1928ರದ್ದು, ಲೇಸರ್ ಹುಟ್ಟಿದ್ದು 1960ರಲ್ಲಿ, ಅವರು ಶುರು ಮಾಡಿದ್ದು ಬಿಸಿಲಿನಲ್ಲಿ, ನಿಮ್ಮ ಭೂತಗನ್ನಡಿ ಅಟ್ಟದ ಮೇಲೆ ಇನ್ನೂ ಇದೆ, ತೆಗೆದುಕೊಡಲಾ ಎಂದು ಕೇಳಿದಳು. ನಾನು ಮಾತು ತಿರುಗಿಸಿ 1960ನ್ನೇ ಹಿಡಿದೆ. ಮೇ 16, ಕ್ಯಾಲಿಫೋರ್ನಿಯಾದ ಮ್ಯಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಎಂಬವನು ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿದ್ದು ಯಾವುದರಿಂದ ಗೊತ್ತೇ? ಒಂದು ಮಾಣಿಕ್ಯದ ಕಡ್ಡಿಯಿಂದ!

"ಮಾಣಿಕ್ಯ ಯಾರ ಕೈಗೆ ಸಿಗಬಾರದು ಅಂತ ಗಾದೆ ಇದೆಯಲ್ಲ?"

"ಈ ನೀಲಿಯದರಲ್ಲಿ ಮಾಣಿಕ್ಯ ಇಲ್ಲ ಕಣೇ. ಗ್ಯಾಲಿಯಂ ನೈಟ್ರೈಡ್ ಡಯೋಡ್."

"ಇರಲಿ, ಮಂಗ ಇದೆಯಲ್ಲ."

ಮನೆಯಲ್ಲಿ ನ್ಯಾಯ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಇಂಥದೇ ಒಂದನ್ನು ಇಟ್ಟುಕೊಂಡಿರುವ ಪರಿಚಯದ ಎಂಜಿನಿಯರ್ ಹುಡುಗನ ಹತ್ತಿರ ಹೋದೆ. ಅವನು ಇದರ ಚರಿತ್ರೆಯನ್ನೆಲ್ಲ ಬಲ್ಲ. 2010ರ ಸುಮಾರಿಗೆ ಹೊಸ ನಮೂನೆಯ ಪ್ರೊಜೆಕ್ಟರುಗಳ ಒಳಗೆ ನೀಲಿ ಲೇಸರ್ ಡಯೋಡುಗಳು ಬಂದವಂತೆ, ಹವ್ಯಾಸಿಗಳು ಪ್ರೊಜೆಕ್ಟರ್ ಬಿಚ್ಚಿ ಅವನ್ನು ಕಿತ್ತುಕೊಳ್ಳತೊಡಗಿದರಂತೆ. ಅದೇ ವರ್ಷ ಹಾಂಗ್‌ಕಾಂಗಿನ ಕಂಪನಿಯೊಂದು 1 ವ್ಯಾಟಿನದನ್ನು ಸುಮಾರು 200 ಡಾಲರಿಗೆ ಮಾರಾಟಕ್ಕಿಟ್ಟಾಗ, ಅದು ತಮ್ಮ ಚಿತ್ರದ ಬೆಳಕಿನ ಕತ್ತಿಯ ಹಾಗೇ ಇದೆ ಎಂದು 'ಸ್ಟಾರ್ ವಾರ್ಸ್' ಸಿನಿಮಾದವರು ನೋಟಿಸ್ ಕಳಿಸಿದ್ದರು. ಇದೆಲ್ಲ ಕೇಳುತ್ತ ನನ್ನ ಬಾಯಲ್ಲಿ ನೀರೂರಿತು.

ಹುಡುಗ ಕೋಣೆಯ ಪರದೆ ಎಳೆದ. ಇಬ್ಬರೂ ಕನ್ನಡಕ ಹಾಕಿಕೊಂಡೆವು. ಇಟ್ಟಿಗೆಯ ಸಂದಿಗೆ ಸಿಕ್ಕಿಸಿದ ಬೆಂಕಿಕಡ್ಡಿಯೊಂದು, ಯಾರೂ ಮುಟ್ಟದೆ, ಚುರ್ ಎಂದು ಹತ್ತಿಕೊಂಡಿತು. ಕೂಗಿಬಿಟ್ಟೆ. ಆಮೇಲೆ ಕಪ್ಪು ಬಲೂನು ಡಬ್ ಎಂದಿತು. ಅದರ ಪಕ್ಕದ ಬಿಳಿ ಬಲೂನು ಬೆಳಕನ್ನೆಲ್ಲ ಚದುರಿಸಿ ಏನೂ ಆಗದವರ ಹಾಗೆ ನಿಂತಿತ್ತು.

"ದಿನಾ ಮಾಡ್ತೀರಾ ಇದನ್ನ?" ಎಂದೆ, ಅಸೂಯೆ ತಡೆಯಲಾರದೆ.

"ಇಲ್ಲ ಸಾರ್. ತಗೊಂಡ ವಾರ ಮನೇಲಿದ್ದ ಬೆಂಕಿಪೊಟ್ಟಣ ಎಲ್ಲ ಖಾಲಿ ಮಾಡಿದೆ. ಆಮೇಲೆ ಬ್ಯಾಟರಿ ಬಿಚ್ಚಿ ಬೀರುವಿನಲ್ಲಿ ಇಟ್ಟುಬಿಟ್ಟೆ. ನೀವು ಬಂದ್ರಿ ಅಂತ ಈಗ ತೆಗೆದದ್ದು."

ದಾರಿಯುದ್ದಕ್ಕೂ ಈ ಮಾತು ಕೊರೆಯುತ್ತಿತ್ತು. 2021ರ ಡಿಸೆಂಬರಿನಲ್ಲಿ ಬೆಂಕಿಪೊಟ್ಟಣದ ಬೆಲೆ 1 ರೂಪಾಯಿಯಿಂದ 2ಕ್ಕೆ ಏರಿದಾಗ ದೇಶ ಏನಾಗಿಹೋಯಿತು ಎಂದು ನಿಟ್ಟುಸಿರು ಬಿಟ್ಟವನು ನಾನು. ಅದೇ ಪೊಟ್ಟಣದ ಕಡ್ಡಿಯನ್ನು, ಅದರದೇ ಪಕ್ಕಕ್ಕೆ ಗೀರಿದರೆ ಹತ್ತುವ ಕಡ್ಡಿಯನ್ನು, ಮೂವತ್ತೆಂಟು ಸಾವಿರ ಸುರಿದು ಹತ್ತಿಸಬೇಕೇ? ವಿವೇಕ ಬೇಡ ಎಂದಿತು. ಆದರೆ ಆ ಚುರ್ ಎಂಬ ಸದ್ದು ಕಿವಿಯಲ್ಲೇ ಇತ್ತು.

ಹೊರಡುವಾಗ ಹುಡುಗ ಒಂದು ಬುದ್ಧಿಮಾತು ಹೇಳಿದ್ದ: "ಏನೇ ಮಾಡಿ ಸಾರ್, ಕನ್ನಡಕ ಮೊದಲು ತಗೊಳ್ಳಿ, ಲೇಸರ್ ಆಮೇಲೆ." ಇದು ನನಗೆ ದೈವವಾಣಿಯಂತೆ ಕೇಳಿಸಿತು. ಕನ್ನಡಕ ಕೊಂಡರೆ ಲೇಸರ್ ಕೊಂಡಂತಾಗುವುದಿಲ್ಲ, ಕೊಳ್ಳದಿದ್ದಂತೆಯೂ ಆಗುವುದಿಲ್ಲ. ₹4,500 ಕೊಟ್ಟು ತರಿಸಿದೆ. ಕಿತ್ತಳೆ ಬಣ್ಣದ್ದು, ಕಣ್ಣಿನ ಸುತ್ತ ಎಲ್ಲ ಕಡೆಯಿಂದಲೂ ಮುಚ್ಚಿಕೊಳ್ಳುವಂಥದು, ಓಡಿ 5. ನಮ್ಮ ಬ್ಯಾಂಕಿನಲ್ಲಿ ಓಡಿ ಎಂದರೆ ಓವರ್‌ಡ್ರಾಫ್ಟು. ಇಲ್ಲಿ ಓಡಿ 5 ಎಂದರೆ ನೀಲಿ ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುವುದು.

ಅದನ್ನು ಹಾಕಿಕೊಂಡು ಅಡುಗೆಮನೆಗೆ ಹೋಗಿ ನಿಂತೆ. ಜಗತ್ತಿನಿಂದ ನೀಲಿಯೇ ಎದ್ದುಹೋಗಿತ್ತು. ನೀಲಿ ಬಕೆಟ್ಟು ಕಪ್ಪು, ಕಿಟಕಿಯಾಚೆಯ ಆಕಾಶ ಹಣ್ಣಾದ ಪಪ್ಪಾಯಿ. "ಒಲೆ ನೋಡ್ಕೊಳ್ಳಿ, ಹಾಲಿಟ್ಟಿದ್ದೀನಿ," ಎಂದು ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ನೋಡಿದೆ. ಒಲೆಯಲ್ಲಿ ಉರಿ ಇರಲಿಲ್ಲ. ಮರೆತಿದ್ದಾಳೆ, ಇರಲಿ, ಹೊರಗೆ ಬಂದಮೇಲೆ ಹೇಳೋಣ ಎಂದುಕೊಂಡು ನಿರ್ಲಿಪ್ತನಾಗಿ ನಿಂತೆ. ಗ್ಯಾಸಿನ ಉರಿ ನೀಲಿ ಎಂಬುದು ಹಾಲು ಉಕ್ಕಿ, ಕಟ್ಟೆ ಇಳಿದು, ನನ್ನ ಕಾಲ ಮೇಲೆ ಬಿದ್ದಾಗ ಹೊಳೆಯಿತು.

ಇನ್ನು ಉಳಿದದ್ದು ಸ್ಥಳ ಪರಿಶೀಲನೆ. ಸಾಲ ಕೊಡುವ ಮೊದಲು ಆಸ್ತಿ ನೋಡಿ ಬರುವುದು ನಮ್ಮ ವೃತ್ತಿಧರ್ಮ. ನಾಲ್ಕನೇ ವರ್ಗದ ಲೇಸರಿನ ನೇರ ಕಿರಣದಷ್ಟೇ ಅದರ ಪ್ರತಿಬಿಂಬವೂ ಅಪಾಯ. ಹಾಗಾದರೆ ನಮ್ಮ ಮನೆಯಲ್ಲಿ ಹೊಳೆಯುವ ವಸ್ತು ಯಾವುದು, ಎಲ್ಲೆಲ್ಲಿದೆ, ಕಿರಣ ಬಿದ್ದರೆ ಎಲ್ಲಿಗೆ ಒದೆಯುತ್ತದೆ? ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕಿತ್ತಳೆ ಕನ್ನಡಕ ಏರಿಸಿ, ಹಳೆಯ ಕೆಂಪು ಕೀಚೈನನ್ನೇ ಎರಡು ವ್ಯಾಟಿನದೆಂದು ಭಾವಿಸಿ, ಕಂಕುಳಲ್ಲಿ ಲೆಕ್ಕದ ಪುಸ್ತಕ ಸಿಕ್ಕಿಸಿಕೊಂಡು ಕಾರ್ಯಕ್ಕಿಳಿದೆ.

ನಡುಮನೆಯಿಂದ ಶುರು. ಟೀವಿಗೆ ಬಿಟ್ಟ ಚುಕ್ಕೆ ಷೋಕೇಸಿನ ಗಾಜಿಗೆ ಹಾರಿತು, ಅಲ್ಲಿಂದ ಗೋಡೆಗೆ. ಬರೆದುಕೊಂಡೆ. ನೆಲದ ಗ್ರಾನೈಟಿಗೆ ಬಿಟ್ಟೆ, ಛಾವಣಿಯ ಮೇಲೆ ಕಾಣಿಸಿತು. ಬರೆದುಕೊಂಡೆ. ಕೋಣೆಯ ಗಾಡ್ರೆಜ್ ಬೀರುವಿನ ಕನ್ನಡಿಯಂತೂ ಬಂದದ್ದನ್ನು ಬಂದಂತೆಯೇ ನನ್ನ ಎದೆಗೆ ವಾಪಸ್ ಮಾಡಿತು. ಅದರ ಎದುರು 'ಅತಿ ಅಪಾಯ' ಎಂದು ಎರಡು ಗೆರೆ ಎಳೆದೆ. ದೇವರ ಮನೆಯಲ್ಲಿ ಪಂಚಪಾತ್ರೆ, ಗಂಟೆ, ಬೆಳ್ಳಿಯ ದೀಪದ ಕಂಬ. ಒಂದು ಕಿರಣ ಒಳಗೆ ಹೋದದ್ದು ಐದಾರಾಗಿ ಹೊರಗೆ ಬಂತು. ಕೈಮುಗಿದು ಬಾಗಿಲು ಹಾಕಿದೆ.

ಅಡುಗೆಮನೆಗೆ ಬಂದಾಗ ನಮ್ಮದು ಮನೆಯಲ್ಲ, ಕನ್ನಡಿಯ ಕಾರ್ಖಾನೆ ಎಂದು ಗೊತ್ತಾಯಿತು. ಗೋಡೆಯ ಸ್ಟ್ಯಾಂಡಿನಲ್ಲಿ ಬೋರಲು ಬಿದ್ದ ಊಟದ ತಟ್ಟೆಗಳು, ಲೋಟಗಳು, ಕೊಳಗ, ಇಡ್ಲಿ ಪಾತ್ರೆ, ಉಪ್ಪು ಹುಳಿ ಖಾರದ ಡಬ್ಬಿಗಳ ಸಾಲು, ಎಲ್ಲ ಸ್ಟೀಲು. ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ನಾಮಕರಣದಲ್ಲಿ ಹೆಸರು ಕೊರೆಸಿ ಕೊಟ್ಟ ಬಂಧುಬಳಗವೆಲ್ಲ ನನ್ನ ಎರಡು ವ್ಯಾಟಿನ ವಿರುದ್ಧ ಸಂಚು ಮಾಡಿದಂತಿತ್ತು. ಒಂದು ತಟ್ಟೆಗೆ ಬಿಟ್ಟೆ. ಚುಕ್ಕೆ ಅಲ್ಲಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಕುಕ್ಕರಿನ ಬೆನ್ನಿಗೆ ಹಾರಿ, ಅಲ್ಲಿ ಉದ್ದಕ್ಕೆ ಎಳೆದುಕೊಂಡು, ಕಿಟಕಿಯ ಸರಳು ದಾಟಿ, ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಿತು. ಅಲ್ಲಿ ಮಲಗಿದ್ದ ಬೆಕ್ಕು ಒಂದು ಕಣ್ಣು ತೆರೆಯಿತು. ಚುಕ್ಕೆ ನೋಡಿತು. ಕಿರಣ ಬಂದ ದಾರಿಯನ್ನೇ ಹಿಡಿದು ನನ್ನನ್ನೂ ನೋಡಿತು. ಕಿತ್ತಳೆ ಕನ್ನಡಕದ ಒಬ್ಬ ಮನುಷ್ಯ ಲುಂಗಿಯಲ್ಲಿ ನಿಂತು ಲೆಕ್ಕ ಬರೆದುಕೊಳ್ಳುತ್ತಿರುವುದನ್ನು ಕಂಡು, ಇದು ತನಗೆ ಸಂಬಂಧಪಟ್ಟದ್ದಲ್ಲ ಎಂದು ತೀರ್ಮಾನಿಸಿ ಕಣ್ಣು ಮುಚ್ಚಿತು.

ಮತ್ತೆ ನಡುಮನೆಗೆ ಬಂದು ಅಪ್ಪನ ಫೋಟೊದ ಗಾಜು ಒಂದು ಬಾಕಿ ಇದೆ ಎಂದು ನೆನಪಾಗಿ ಅತ್ತ ತಿರುಗಿಸಿದೆ. ನನ್ನ ಕೈ ಸ್ವಲ್ಪ ನಡುಗುತ್ತದೆ. ಗಂಧದ ಹಾರದ ಮೇಲೆ, ಸರಿಯಾಗಿ ಹುಬ್ಬಿನ ನಡುವೆ, ಕೆಂಪು ಚುಕ್ಕೆ ಮಿಣಮಿಣ ಎನ್ನುತ್ತ ನಿಂತಿತು.

"ಬದುಕಿದ್ದಾಗ ಒಂದು ದಿನ ಹಣೆಗೆ ಕುಂಕುಮ ಇಟ್ಟವರಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಅಮ್ಮ ಯಾವಾಗ ಎದ್ದು ಬಂದು ಕುರ್ಚಿಯಲ್ಲಿ ಕೂತಿದ್ದಳೋ. "ಈಗ ನೀನು ದೂರದಿಂದಲೇ ಇಡ್ತಿದ್ದೀಯ. ಏನೋ ಅದು, ಕಣ್ಣಿಗೆ ಅಂಥದು ಹಾಕ್ಕೊಂಡಿದ್ದೀಯ, ಮದ್ರಾಸ್ ಐ ಬಂದಿದೆಯಾ?"

ಪರಿಶೀಲನೆಯ ವರದಿ ಹೀಗಿತ್ತು: ಇಡೀ ಮನೆಯಲ್ಲಿ ಎರಡು ವ್ಯಾಟಿನ ಕಿರಣವನ್ನು ತಡೆದುಕೊಂಡು ಯಾರಿಗೂ ಎರಚದಿರುವ ಯೋಗ್ಯತೆ ಇರುವುದು ಹಿತ್ತಲಿನ ಒರಳುಕಲ್ಲಿಗೆ ಮಾತ್ರ. ಗ್ರೈಂಡರ್ ಬಂದ ಮೇಲೆ ಮೂಲೆ ಸೇರಿದ್ದು, ಕಪ್ಪು, ಒರಟು. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಒರಳುಕಲ್ಲಿಗೆ ತೋರಿಸಬಹುದು. ಅಲ್ಲೂ, ಈ ವರ್ಗದಲ್ಲಿ ಒರಟು ಮೇಲ್ಮೈಯ ಮೇಲಿನ ಚುಕ್ಕೆಯನ್ನು ಹತ್ತಿರದಿಂದ ಬರಿಗಣ್ಣಲ್ಲಿ ನೋಡುವ ಹಾಗಿಲ್ಲ. ಕನ್ನಡಕ ಬೇಕು. ಕನ್ನಡಕ ಹಾಕಿದರೆ ನೀಲಿ ಕಾಣುವುದಿಲ್ಲ. ಪುಸ್ತಕ ಮುಚ್ಚಿ ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಮೂವತ್ತೆಂಟು ಸಾವಿರ ಕೊಟ್ಟು ಬೆಳಕು ಕೊಳ್ಳುವುದು, ನಾಲ್ಕೂವರೆ ಸಾವಿರ ಕೊಟ್ಟು ಅದು ಕಾಣದಂತೆ ಮಾಡಿಕೊಳ್ಳುವುದು. ಇಷ್ಟು ಪರಿಶುದ್ಧವಾದ ಸಾಲದ ಅರ್ಜಿಯನ್ನು ನನ್ನ ಸರ್ವೀಸಿನಲ್ಲೇ ನೋಡಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು: "ನೀನು ತರಬೇಕು ಅಂತಿರೋದು, ನನ್ನ ಕಣ್ಣಿಗೆ ಬಿಟ್ಟರಲ್ಲ, ಅದೇನಾ?"

ಅದರ ದಾಯಾದಿ ಎನ್ನಬಹುದು. ಅಮ್ಮನ ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಾಗ ಆಸ್ಪತ್ರೆಯಲ್ಲಿ ಬಳಸಿದ್ದು ಹಸಿರು, 532 ನ್ಯಾನೊಮೀಟರ್, ನಕ್ಷತ್ರ ತೋರಿಸುವ ಲೇಸರಿನದೇ ಬಣ್ಣ. ಗದ್ದವನ್ನು ಸ್ಟ್ಯಾಂಡಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿ ಹಿಡಿದು ಕೂತಿದ್ದಳು. "ಅಲ್ಲಾಡಬೇಡಿ ಅಮ್ಮ," ಎಂದು ಡಾಕ್ಟರು ಮತ್ತೆ ಮತ್ತೆ ಹೇಳುತ್ತಿದ್ದರು. ಕೆಟ್ಟ ರಕ್ತನಾಳ ಬೆಳೆಯದ ಹಾಗೆ ಒಳಪರದೆಯ ಅಂಚುಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಸುಡುತ್ತಾರೆ. ಸುತ್ತಲಿನ ನೋಟ ಒಂದಿಷ್ಟು ಹೋಗುತ್ತದೆ, ನಡುವಿನದು ಉಳಿಯುತ್ತದೆ. ಒಂದೊಂದು ಚುಕ್ಕೆಗೂ ಸೆಕೆಂಡಿನ ಹತ್ತನೆಯ ಒಂದು ಪಾಲು, ಅಷ್ಟೇ. ಹೊರಗೆ ಬಂದವಳು ಗೋಡೆ ಸವರಿಕೊಂಡು ನಡೆಯುತ್ತ, "ಹಸಿರು ಮಿಂಚು ಕಣೋ, ಮಳೆ ಇಲ್ಲದ್ದು," ಎಂದಿದ್ದಳು. ಈಗಲೂ ಪಕ್ಕದಿಂದ ಯಾರಾದರೂ ಬಂದರೆ ಅವಳಿಗೆ ತಿಳಿಯುವುದಿಲ್ಲ. ಪೇಪರಿನ ದೊಡ್ಡ ಅಕ್ಷರ ಓದುತ್ತಾಳೆ.

ಮೆರವಣಿಗೆಯಲ್ಲಿ ಲೇಸರ್ ಕುಣಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುವುದು ಇದಕ್ಕೇ. 2023ರ ಗಣೇಶೋತ್ಸವದಲ್ಲಿ ಮಹಾರಾಷ್ಟ್ರದ ಊರುಗಳಲ್ಲಿ ಡಿಜೆ ಗಾಡಿಗಳ ಮೇಲಿನ ಲೇಸರ್ ಕಣ್ಣಿಗೆ ಬಿದ್ದು, ಒಳಪರದೆಯಲ್ಲಿ ರಕ್ತ ಸೋರಿ, ಎಳೆಯ ಹುಡುಗರು ಕಣ್ಣಾಸ್ಪತ್ರೆಗೆ ಬಂದರು. ನಮ್ಮ ಬೀದಿಗಳಲ್ಲೂ ಅದೇ ಗಾಡಿ, ಅದೇ ದೀಪ. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಸರಿಯಾಗಿ ಆ ಕಿರಣದ ಎತ್ತರಕ್ಕೆ ಹಿಡಿದು ಕುಣಿಯುತ್ತಾರೆ. ಕಳೆದ ಸಲ ನಾನು ಹೋಗಿ ಆಯೋಜಕನೊಬ್ಬನಿಗೆ ಹೇಳಿದೆ. "ಅಂಕಲ್, ಹಬ್ಬ ಅಲ್ವಾ, ಎಂಜಾಯ್ ಮಾಡಿ," ಎಂದ. ಡಾಕ್ಟರು ಹತ್ತನೇ ಒಂದು ಸೆಕೆಂಡನ್ನು ಅಳೆದು ಬಿಡುವ ವಸ್ತುವನ್ನು ಇವನು ಮಧ್ಯರಾತ್ರಿಯವರೆಗೆ ಗಿರಗಿರ ತಿರುಗಿಸಿಬಿಟ್ಟಿದ್ದ.

ಆ ಉರಿಯಲ್ಲಿ ಒಂದು ವಾರ ಲೇಸರಿನ ಹೆಸರೆತ್ತಲಿಲ್ಲ. ಮುಂದಿನ ವಾರ ಟೆರೇಸು ನೆನಪಾಯಿತು.

ಟೆರೇಸಿನಲ್ಲಿ ಸ್ಟೀಲಿಲ್ಲ, ಗಾಜಿಲ್ಲ. ಸಂಜೆ ಹತ್ತಿ ನೋಡಿದೆ. ಇಷ್ಟು ಶಕ್ತಿಯ ಬಿಗಿ ಕಿರಣವೊಂದು ಸುಮಾರು 300 ಮೀಟರಿನವರೆಗೆ ನೇರವಾಗಿ ಕಣ್ಣನ್ನು ಹಾಳುಮಾಡಬಲ್ಲದು. ಆ 300 ಮೀಟರಿನಲ್ಲಿ ನಮ್ಮ ಕಡೆ ಏನಿಲ್ಲ? ಎರಡು ದೇವಸ್ಥಾನ, ಒಂದು ಛತ್ರ, ಟ್ಯೂಷನ್ನು, ಬಾಲ್ಕನಿಗಳಲ್ಲಿ ನನ್ನ ಬ್ಯಾಂಕಿನ ಸಾಲಗಾರರು. ಅಡ್ಡಕ್ಕೆ ಬಿಡುವಂತಿಲ್ಲ. ಮೇಲಕ್ಕೆ ಬಿಡೋಣವೆಂದರೆ ವಿಮಾನ. ಕಿಲೋಮೀಟರುಗಟ್ಟಲೆ ದೂರ ಹೋದ ಮೇಲೂ ಕತ್ತಲ ಕಾಕ್‌ಪಿಟ್ಟಿನಲ್ಲಿ ಕೂತವನ ಕಣ್ಣು ಕೋರೈಸಲು ಅಷ್ಟು ಸಾಕು. ಅಮೆರಿಕದಲ್ಲಿ ವಿಮಾನದತ್ತ ಬೇಕೆಂದೇ ಲೇಸರ್ ಹಿಡಿದರೆ ಐದು ವರ್ಷದವರೆಗೆ ಜೈಲು, 2012ರ ಕಾನೂನು. ಆಸ್ಟ್ರೇಲಿಯಾದವರು 1 ಮಿಲಿವ್ಯಾಟ್ ದಾಟಿದ ಪಾಯಿಂಟರನ್ನು ಅನುಮತಿ ಇಲ್ಲದೆ ದೇಶದೊಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಅಂತೂ ಈ ವಸ್ತುವಿನ ಶಕ್ತಿ ಏರಿದಷ್ಟೂ ಅದನ್ನು ಬಿಡಬಹುದಾದ ದಿಕ್ಕು ಕಡಿಮೆಯಾಗುತ್ತ ಹೋಗುತ್ತದೆ. ನೂರು ರೂಪಾಯಿಯದಕ್ಕೆ ಹತ್ತು ದಿಕ್ಕು, ನನ್ನದಕ್ಕೆ ಒರಳುಕಲ್ಲು. ಭಸ್ಮಾಸುರನಿಗೂ ಕೊನೆಗೆ ಕೈ ಇಡಲು ಸ್ವಂತ ತಲೆಯೇ ಗತಿಯಾಯಿತಲ್ಲ.

ಇನ್ನು ಮಾರುವವರ ಸತ್ಯಸಂಧತೆ. 2013ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯವರು 122 ಪಾಯಿಂಟರುಗಳನ್ನು ತಂದು ಅಳೆದರೆ, ಹಸಿರಿನವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಅಲ್ಲಿನ ಸುರಕ್ಷತಾ ನಿಯಮ ಮೀರಿದ್ದವು. ನಮ್ಮಲ್ಲಿ ತೂಕದಲ್ಲಿ ಕಡಿಮೆ ಕೊಟ್ಟು ಮೋಸ ಮಾಡುತ್ತಾರೆ, ಇವರು ಹೆಚ್ಚು ಕೊಟ್ಟು ಮಾಡುತ್ತಾರೆ. ಅಗ್ಗದ ಹಸಿರು ಲೇಸರಿನ ಒಳಗೆ ಕಣ್ಣಿಗೆ ಕಾಣದ ಅವಗೆಂಪು ಕಿರಣವೂ ಇರುತ್ತದೆ. ಅದನ್ನು ತಡೆಯುವ ಫಿಲ್ಟರನ್ನು ನಾಲ್ಕು ಕಾಸು ಉಳಿಸಲು ಬಿಟ್ಟುಬಿಡುವವರಿದ್ದಾರೆ. ಇದನ್ನೆಲ್ಲ ಓದಿ ನಾನು ತೆಗೆದುಕೊಂಡ ತೀರ್ಮಾನ ಏನೆಂದರೆ, ಕೊಂಡರೆ ದುಬಾರಿಯದನ್ನೇ ಕೊಳ್ಳಬೇಕು. ಅಪಾಯದ ಬಗ್ಗೆ ಓದಿದಷ್ಟೂ ನನ್ನ ಆಸೆಗೆ ಹೀಗೆ ಒಂದು ಜವಾಬ್ದಾರಿಯ ಕಳೆ ಬರುತ್ತಿತ್ತು.

ಒಂದು ರಾತ್ರಿ ಧೈರ್ಯ ಮಾಡಿ ಆರ್ಡರಿನ ಪುಟ ತೆರೆದೇಬಿಟ್ಟೆ. ಹೆಸರು, ವಿಳಾಸ, ಹದಿನೆಂಟು ತುಂಬಿದೆಯೇ, ಕನ್ನಡಕ ಇದೆಯೇ. ಎಲ್ಲಕ್ಕೂ ಹೆಮ್ಮೆಯಿಂದ ಟಿಕ್ ಮಾಡಿದೆ. ಕೆಳಗೆ ಖಾಲಿ ಚೌಕದ ಮುಂದೆ: 'ಬಳಕೆಯ ಉದ್ದೇಶ'.

'ಸಂಶೋಧನೆ' ಎಂದು ಬರೆದು ಅಳಿಸಿದೆ. ಯಾವ ಸಂಸ್ಥೆ ಎಂದು ನಾನೇ ಆಗಿದ್ದರೆ ಕೇಳುತ್ತಿದ್ದೆ. 'ಶಿಕ್ಷಣ' ಎಂದು ಬರೆದೆ. ವಯಸ್ಸಿನ ಕಾಲಮ್ಮು ಅಣಕಿಸಿತು. 'ಕೈಗಾರಿಕೆ' ಎಂದರೆ ಪರವಾನಗಿ ಕೇಳಿಯಾರು. ಮೂವತ್ತು ವರ್ಷ ನನ್ನ ಮೇಜಿನ ಆ ಕಡೆ ಬೆವರುತ್ತ ಕೂತವರ ಮುಖಗಳೆಲ್ಲ ಬಂದು ಸಾಲಾಗಿ ನಿಂತವು. ಪಾಪ, ಅವರಿಗೂ ಹೀಗೇ ಏನೋ ಒಂದು ಬೇಕಾಗಿತ್ತು, ಹೇಳಲು ಬರುತ್ತಿರಲಿಲ್ಲ. ಒಂದು ಕ್ಷಣ ಹೈನುಗಾರಿಕೆ ಎಂದೇ ಬರೆದುಬಿಡೋಣ ಅನ್ನಿಸಿತು.

"ಇನ್ನೂ ಮುಗಿದಿಲ್ವಾ?" ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಖಾಲಿ ಚೌಕ ನೋಡಿದಳು. ಬೈಯುತ್ತಾಳೆಂದುಕೊಂಡೆ. "ಆ ಕೆಂಪು ಕೀಚೈನ್ ಎಲ್ಲಿ? ನಾಳೆ ಹತ್ತನೇ ಕ್ಲಾಸಿಗೆ ವಕ್ರೀಭವನ ಇದೆ."

ಮರುದಿನ ಗಾಜಿನ ತೊಟ್ಟಿಯ ನೀರಿಗೆ ಎರಡು ಹನಿ ಹಾಲು ಬೆರೆಸಿ, ಕಿಟಕಿ ಮುಚ್ಚಿಸಿ, ಮಕ್ಕಳನ್ನು ತನ್ನ ಹಿಂದೆ ನಿಲ್ಲಿಸಿಕೊಂಡು ಕಿರಣ ಬಿಟ್ಟಳಂತೆ. ಗಾಳಿಯಲ್ಲಿ ಕಾಣದಿದ್ದ ಗೆರೆ ನೀರಿಗಿಳಿದ ಕೂಡಲೇ ಎದ್ದು ಕಂಡು, ಮೇಲ್ಮೈಯಲ್ಲಿ ಸೊಂಟ ಮುರಿದುಕೊಂಡು ಬಾಗಿ ಹೋಯಿತಂತೆ. ಕ್ಲಾಸಿಗೆ ಕ್ಲಾಸೇ ಹೋ ಎಂದಿತಂತೆ. ನಾನು ಬೇಸರ ತೋರಿಸದೆ ಕೇಳಿಸಿಕೊಂಡೆ. ಕೀಚೈನ್ ವಾಪಸ್ ಕೊಡು ಎಂದಾಗ ಅವಳು ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಗಲಾಟೆಯಲ್ಲಿ ಯಾರೋ ಹುಡುಗ ಜೇಬಿಗಿಳಿಸಿದ್ದಾನಂತೆ. ಯಾರೆಂದು ಅವಳಿಗೆ ಗೊತ್ತಂತೆ. ನಾಲ್ಕು ದಿನ ಕಳೆದ ಮೇಲೆ ಕೇಳುತ್ತಾಳಂತೆ, ಈಗಲೇ ಬೇಡವಂತೆ.

ಅಂದರೆ ಸದ್ಯಕ್ಕೆ ಈ ಮನೆಯಲ್ಲಿ ಒಂದೂ ಲೇಸರ್ ಇಲ್ಲ. ಇದುವರೆಗಿನ ಸಮರ್ಥನೆಗಳಲ್ಲೆಲ್ಲ ಇಷ್ಟು ಗಟ್ಟಿಯಾದದ್ದು ಹೊಳೆದಿರಲಿಲ್ಲ. ಆತುರದಿಂದ ಪುಟ ತೆರೆದೆ. ಬೆಲೆಯ ಕೆಳಗೆ ಕೆಂಪಕ್ಷರದಲ್ಲಿ 'ಇನ್ನು ಎರಡೇ ಉಳಿದಿವೆ' ಎಂದು ಬಂದಿದೆ. ಒಂದು ನನ್ನದು ಎಂದೇ ಇಟ್ಟುಕೊಳ್ಳೋಣ. ಆ ಇನ್ನೊಂದನ್ನು ಕೊಳ್ಳಲು ಕೂತಿರುವ ತಲೆಕೆಟ್ಟವನು ಯಾರಿರಬಹುದು, ಅವನ ಮನೆಯಲ್ಲಿ ಒರಳುಕಲ್ಲಾದರೂ ಇದೆಯೇ ಎಂದು ಯೋಚಿಸುತ್ತಿದ್ದೇನೆ.